ಧ್ವನಿ ಎಂಬ ಉಪಸಂಪುಟ

ನಮ್ಮ ಮನೆಯಲ್ಲಿ ಒಬ್ಬರು ಬಟ್ಟೆ ಒಗೆಯಲು ಕೂತರೆ ಇನ್ನೊಬ್ಬರು ಸ್ನಾನವನ್ನು ಮುಂದೂಡಬೇಕು. ಇದು ದಾಂಪತ್ಯದ ಒಪ್ಪಂದವೇನಲ್ಲ, ಸಂಪಿನ ಶಾಸನ. ಬೈಯಪ್ಪನಹಳ್ಳಿಯ ಹಳೆಯ ಊರೊಳಗೆ, ನಮ್ಮಪ್ಪ ಒಂದು ಕಾಲಕ್ಕೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ನೆಲದ ಅಳಿದುಳಿದ ತುಂಡಿನ ಮೇಲೆ ನಿಂತಿರುವ ಕಟ್ಟಡ ನಮ್ಮದು. ಕೆಳಗೆ ಅಣ್ಣನ ಸಂಸಾರ, ನಡುವಿನ ಮಹಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ ರತ್ನ, ಮೇಲೆ ಬೆಳಗಾದರೆ ಮೆಟ್ರೋ ಹಿಡಿಯಲು ಓಡುವ ಬಾಡಿಗೆಯವರು. ಅಣ್ಣ ತಮ್ಮಂದಿರು ಭಾಗವಾದಾಗ ಗೋಡೆ ಭಾಗವಾಯಿತು, ತಾರಸಿ ಭಾಗವಾಯಿತು, ಕರೆಂಟಿನ ಮೀಟರು ಬೇರೆಯಾಯಿತು, ದೇವರ ಪಟಗಳೂ ಸಮಾಧಾನದಿಂದಲೇ ಎರಡು ಗುಂಪಾದವು. ನೆಲದೊಳಗಿನ ಸಂಪು ಮಾತ್ರ ಒಂದೇ ಉಳಿಯಿತು. ನಡುವೆ ಒಂದು ಗೋಡೆ ಎಬ್ಬಿಸೋಣವೇ ಎಂದು ನಾನು ಕೇಳಿದ್ದಕ್ಕೆ ಅಣ್ಣ, "ಭಾಗ ಮಾಡೋಕೆ ನೀರೇನು ಬೆಲ್ಲದಚ್ಚೇನೋ? ಸುಮ್ನಿರು," ಎಂದುಬಿಟ್ಟ. ಅಂದಿನಿಂದ ಖಾಲಿಯಾದರೆ ಎಲ್ಲರಿಗೂ ಒಟ್ಟಿಗೆ ಖಾಲಿ.

ಈ ಸಂಪನ್ನು ನೆನೆಯುವುದಕ್ಕೆ ಕಾರಣವಾದದ್ದು ಒಂದು ಪದ. ಪಠ್ಯಪುಸ್ತಕಗಳ ಕರಡು ತಿದ್ದುತ್ತ ಕಣ್ಣು ಮಂಜಾಗಿಸಿಕೊಂಡು ನಿವೃತ್ತನಾದ ನನಗೆ, ಲಿನಕ್ಸ್ ಎಂಬ ಉಚಿತ ಗಣಕವ್ಯವಸ್ಥೆಯ ಸಹಾಯಪುಟಗಳನ್ನು ಕನ್ನಡಕ್ಕೆ ತರುವ ಕೆಲವು ಉತ್ಸಾಹಿಗಳ ಪರಿಚಯವಾಯಿತು. ಕಮ್ಮನಹಳ್ಳಿಯ ಮುಖ್ಯರಸ್ತೆಯ ಒಂದು ಹೋಟೆಲಿನಲ್ಲಿ ಕೂತು, ಒಂದು ಕಾಫಿಯ ಮೇಲೆ ಅತಿಯಾದ ಕಾಲ ಕಳೆಯುತ್ತ, ಮಾಣಿಯ ಮುಖ ನೋಡದೆ, ನಾವು ಪದಗಳನ್ನು ಕಡೆಯುತ್ತಿದ್ದೆವು. ಡಿಸ್ಕಿನ ಪಾರ್ಟಿಶನ್ನಿಗೆ ನಾನು 'ಭಾಗ' ಎಂದಾಗ ಯಾರೂ ತಕರಾರು ತೆಗೆಯಲಿಲ್ಲ; ಪೂರ್ವ ಬೆಂಗಳೂರಿನ ಹಳೇ ಒಕ್ಕಲು ಮನೆಯವರಿಗೆ ಆ ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾಗಿಲ್ಲ. ಸಬ್‌ವಾಲ್ಯೂಮ್ ಎಂಬುದಕ್ಕೆ ಮಾತ್ರ ಬಹಳ ಹೊತ್ತು ಜಗ್ಗಾಡಿ, ಕೊನೆಗೆ ನನ್ನ 'ಉಪಸಂಪುಟ'ವನ್ನು ಎಲ್ಲರೂ, ಪ್ರೀತಿಯಿಂದಲೋ ಮನೆಗೆ ಹೋಗುವ ಆತುರದಿಂದಲೋ, ಒಪ್ಪಿಕೊಂಡರು.

ನಾನು ಬೀಗುತ್ತ ಮನೆಗೆ ಬಂದು ರತ್ನಳಿಗೆ ಹೇಳಿದರೆ ಅವಳು ಹುರಳೀಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸದೆ, "ಮಂತ್ರಿಗಳ ಸಂಪುಟ ಕೇಳಿದೀನಿ, ಪುಸ್ತಕದ ಸಂಪುಟ ಕೇಳಿದೀನಿ, ಇದ್ಯಾವುದ್ರೀ ಹೊಸದು?" ಎಂದಳು. ನಾನು ವಿವರಿಸಿದೆ. ಭಾಗ ಮಾಡಿದ ಡಿಸ್ಕಿನಲ್ಲಿ ಒಬ್ಬನ ಕೋಣೆ ತುಂಬಿ ತುಳುಕುತ್ತಿದ್ದರೂ ಪಕ್ಕದವನ ಖಾಲಿ ಜಾಗ ಅವನಿಗೆ ಸಿಗದು. ಉಪಸಂಪುಟಗಳಲ್ಲಾದರೋ ಕೋಣೆಗಳು ಬೇರೆ, ಹೆಸರು ಬೇರೆ, ನಿಯಮ ಬೇರೆ, ಆದರೆ ಜಾಗವೆಲ್ಲ ಒಂದೇ ಕಡೆಯಿಂದ ಬರುತ್ತದೆ. ಅವಳು ಒಂದು ಕ್ಷಣ ಯೋಚಿಸಿ, "ಅಯ್ಯೋ, ಅದು ನಮ್ಮನೆ ಸಂಪು ಅಲ್ವೇನ್ರೀ! ಅದಕ್ಕೆ ಒಂದು ಪುಟ ಅಂಟಿಸಿ ಇಷ್ಟು ಬೀಗ್ತೀರಲ್ಲ," ಎಂದು ನಕ್ಕಳು. ಆ ನಗು ಕೆಳಗಿನ ಮನೆಗೂ ಕೇಳಿಸಿರಬೇಕು. ಅವಳ ದನಿ ಅಂಥದ್ದು. ಅಂಥದ್ದಾಗಿತ್ತು ಎಂದು ತಿದ್ದಿಕೊಳ್ಳಬೇಕು. ಅದು ಈಗ ಇಲ್ಲ. ಅದನ್ನು ನಾನು ಕಂಪ್ಯೂಟರಿನೊಳಗಿನ ಒಂದು ಉಪಸಂಪುಟದಲ್ಲಿ ಉಳಿಸಿಕೊಳ್ಳಲು ಹೋದ ಪ್ರಸಂಗವನ್ನೇ ಈಗ ಹೇಳುತ್ತಿದ್ದೇನೆ. ನಗಬೇಕೆನಿಸಿದಲ್ಲಿ ನಗಿ, ನನಗೇನೂ ಬೇಸರವಿಲ್ಲ.

ಉಪಸಂಪುಟಗಳ ಮಹಿಮೆ ತಿಳಿಯುವುದು ಕ್ಷಣಚಿತ್ರದಿಂದ. ಸ್ನ್ಯಾಪ್‌ಶಾಟಿಗೆ ನಾವು ಕೊಟ್ಟ ಹೆಸರು ಅದು. ವ್ಯವಸ್ಥೆ ಇದ್ದದ್ದು ಇದ್ದಂತೆ, ಈ ಗಳಿಗೆಯಲ್ಲಿ ಹೇಗಿದೆಯೋ ಹಾಗೆ, ಒಂದು ಆಜ್ಞೆಗೆ ಅಚ್ಚಾಗಿ ನಿಲ್ಲುತ್ತದೆ. ಪ್ರತಿ ಮಾಡುವ ಗೋಜಿಲ್ಲ, ಮುಂದೆ ಬದಲಾದದ್ದಕ್ಕಷ್ಟೇ ಹೊಸ ಜಾಗ. ಹೊಸ ತಂತ್ರಾಂಶ ಹಾಕಿಕೊಂಡು ಎಲ್ಲ ಎಕ್ಕುಟ್ಟಿಹೋಯಿತೇ? ಹಳೆಯ ಕ್ಷಣಚಿತ್ರವನ್ನೇ ಮುಂದಕ್ಕೆ ತಂದು ಕೂರಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಯಂತ್ರ ಎದ್ದು ಕೂರುತ್ತದೆ. ಇದಕ್ಕೆ ನಾವು 'ಹಿನ್ನಡೆ' ಎಂದು ಹೆಸರಿಟ್ಟಿದ್ದೆವು. ಬದುಕಿನಲ್ಲಿ ಎಲ್ಲರೂ ಹೆದರುವ ಪದವೊಂದು ಇಲ್ಲಿ ವರವಾಗಿ ಬಳಕೆಯಾಗುವುದು ನನಗೆ ಬಹಳ ದಿನ ಖುಷಿ ಕೊಟ್ಟಿತ್ತು.

ಆದರೆ ಹಿನ್ನಡೆಗೆ ವಿವೇಚನೆಯಿಲ್ಲ. ಒಂದು ಉಪಸಂಪುಟದಲ್ಲಿ ಏನೇನಿದೆಯೋ ಎಲ್ಲವನ್ನೂ ಅದು ಬಾಚಿಕೊಂಡು ಹಿಂದಕ್ಕೆ ಹೋಗುತ್ತದೆ. ಮೊದಲ ಬಾರಿ ಹೀಗೆ ಹಿಂದಿರುಗಿದಾಗ, ವ್ಯವಸ್ಥೆಯ ಕೋಣೆಯಲ್ಲಿಯೇ ಅಜಾಗರೂಕತೆಯಿಂದ ಇಟ್ಟಿದ್ದ ನನ್ನ ವಾರದ ಅನುವಾದವೂ ಅದರ ಜೊತೆಗೇ ಹೋಯಿತು. ಕೆಟ್ಟ ನಲ್ಲಿ ಸರಿಯಾಯಿತು, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಮಾಯ. ಆದ್ದರಿಂದ ಬಲ್ಲವರು ಮೊದಲೇ ವಿಂಗಡಿಸುತ್ತಾರೆ: ವ್ಯವಸ್ಥೆಗೊಂದು ಉಪಸಂಪುಟ, ನಮ್ಮ ಸ್ವಂತ ಕಡತಗಳಿಗೆ ಇನ್ನೊಂದು, ಯಂತ್ರ ತನ್ನ ಕಷ್ಟಸುಖವನ್ನು ತಾನೇ ಬರೆದುಕೊಳ್ಳುವ ದಿನಚರಿಗೆ ಮತ್ತೊಂದು. ಆ ದಿನಚರಿಯೂ ಹಿಂದಕ್ಕೆ ಹೋಗಿಬಿಟ್ಟರೆ, ನಾವು ಯಾತಕ್ಕಾಗಿ ಹಿಂದಿರುಗಿದೆವೆಂಬುದೇ ಯಂತ್ರಕ್ಕೆ ಮರೆತುಹೋಗುತ್ತದೆಯಂತೆ. ಒಂದು ಉಪಸಂಪುಟದ ಕ್ಷಣಚಿತ್ರದಲ್ಲಿ ಮತ್ತೊಂದು ಉಪಸಂಪುಟ ಬರುವುದಿಲ್ಲ, ಒಂದರ ಹಿನ್ನಡೆ ಇನ್ನೊಂದನ್ನು ಮುಟ್ಟುವುದಿಲ್ಲ. ಹೋಗಬಾರದ್ದನ್ನು ಬೇರೆ ಕೋಣೆಯಲ್ಲಿಡಿ, ಇದಿಷ್ಟೇ ಇದರ ಸಾರ.

ಈಗ ರತ್ನಳ ವಿಷಯ. ಅವಳು ಮರ್ಫಿ ಟೌನಿನ ಒಂದು ಸಣ್ಣ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವಳು. ಮನೆಯಲ್ಲಿ ತಮಿಳೋ ಉರ್ದುವೋ ತೆಲುಗೋ ಆಡುವ ಮಕ್ಕಳು; ಅವರಿಗೆ ಕನ್ನಡದ ಮಹಾಪ್ರಾಣವನ್ನು ಹಿಡಿಸಲು ಅವಳದೊಂದು ವಿಧಾನವಿತ್ತು. ಮಗುವಿನ ಅಂಗೈಯನ್ನು ತನ್ನ ಬಾಯಿಯ ಎದುರಿಗೆ ಹಿಡಿದು ಒಮ್ಮೆ 'ದ' ಅನ್ನುವಳು, ಒಮ್ಮೆ 'ಧ' ಅನ್ನುವಳು. "ಯಾವಾಗ ಗಾಳಿ ಬಂತು, ಹೇಳು ಪುಟ್ಟಾ?" ಅಂಗೈಗೆ ಉಸಿರು ತಾಕಿದರೆ ಮಹಾಪ್ರಾಣ. ಪ್ರಾಣವೆಂದರೆ ಉಸಿರು ತಾನೇ. ವ್ಯಾಕರಣಕಾರರು ಎಲ್ಲವನ್ನೂ ಬಲ್ಲವರಾಗಿದ್ದರು. ಇತ್ತ ಮಹಾಪ್ರಾಣಗಳನ್ನು ಕಾಯುವುದೇ ನನ್ನ ಹೊಟ್ಟೆಪಾಡು. ಹಲಸೂರಿನ ಯಾವ ಮೂಲೆಯಲ್ಲಿ 'ಪ್ರಶಸ್ತಿ ಪ್ರಧಾನ ಸಮಾರಂಭ' ಎಂಬ ಬ್ಯಾನರು ಕಂಡರೂ, ಅಲ್ಲಿ ಪ್ರಶಸ್ತಿಯನ್ನು ಕೊಡುತ್ತಿದ್ದಾರೋ ಪಟ್ಟಕ್ಕೇರಿಸುತ್ತಿದ್ದಾರೋ ಎಂದು ಗೊಣಗದೆ ಮುಂದೆ ಹೋದವನಲ್ಲ ನಾನು. ಅವಳು ಮಹಾಪ್ರಾಣವನ್ನು ಹುಟ್ಟಿಸುವವಳು, ನಾನು ಅದಕ್ಕೆ ಕಾವಲು ಎಂದು ನಾವು ತಮಾಷೆ ಮಾಡಿಕೊಳ್ಳುತ್ತಿದ್ದೆವು.

ತರಗತಿಯ ಹೊರಗೂ ಅವಳ ದನಿಗೆ ಕೈತುಂಬ ಕೆಲಸವಿತ್ತು. ತಾರಸಿಯ ಮೇಲೆ ನಿಂತು ಹೂವಿನವಳಿಗೆ "ಎನ್ನಮ್ಮಾ, ಇವ್ಳೋ ಲೇಟಾ?" ಎಂದು ತಮಿಳಿನಲ್ಲಿ ಗದರುವಳು, ತರಕಾರಿ ಗಾಡಿಯವನಿಗೆ "ಕಲ್ ಕಾಯ್ಕು ನೈ ಆಯೆ ಭಾಯ್?" ಎಂದು ನಿನ್ನೆ ಬಾರದ್ದಕ್ಕೆ ಅವನದೇ ದಖನಿಯಲ್ಲಿ ವಿಚಾರಣೆ ನಡೆಸುವಳು, ನನ್ನನ್ನು ಕರೆಯಲು ಅವಳಿಗೆ ಇದ್ದದ್ದು 'ರೀ' ಎಂಬ ಒಂದೇ ಅಕ್ಷರ, ಅದರಲ್ಲಿಯೇ ಊಟಕ್ಕೆ ಕರೆಯುವ ರೀ ಬೇರೆ, ಸಿಟ್ಟಿನ ರೀ ಬೇರೆ, ಯಾರೋ ಬಂದಿದ್ದಾರೆ ಅಂಗಿ ಹಾಕಿಕೊಳ್ಳಿ ಎಂಬ ರೀ ಬೇರೆ. ನಾನು ಯಾವತ್ತೂ ಅದನ್ನು ಗಮನಿಸಿ ಕೇಳಿದವನಲ್ಲ. ನಲ್ಲಿಯ ನೀರನ್ನು ಯಾರು ಗಮನಿಸುತ್ತಾರೆ?

ಮೊದಲು ದನಿ ಸ್ವಲ್ಪ ಒಡೆಯಿತು. ಶೀತ ಎಂದುಕೊಂಡೆವು. ಬಿಸಿನೀರು, ಶುಂಠಿ, ಜೇನುತುಪ್ಪಗಳ ಉಪಚಾರವಾಯಿತು, ಮೂಲೆಯ ಕ್ಲಿನಿಕ್ಕಿನ ಮಾತ್ರೆಯಾಯಿತು. ಆಮೇಲೆ ದೊಡ್ಡ ಆಸ್ಪತ್ರೆ, ಮೂಗಿನಿಂದ ಇಳಿಸುವ ನಳಿಗೆ, ಒಂದು ಚೂರು ಮಾಂಸ ಕಿತ್ತು ಪರೀಕ್ಷೆಗೆ ಕಳಿಸಿ ಕಾದ ದಿನಗಳು. ನಮ್ಮ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸುತ್ತಿಬಳಸುವವರಲ್ಲ. "ನೋಡಿ ಸರ್, ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ಜೀವಕ್ಕೆ ಈಗ ಭಯ ಇಲ್ಲ, ಆದ್ರೆ ವಾಯ್ಸ್ ಇರಲ್ಲ. ಕತ್ತಲ್ಲಿ ಒಂದು ತೂತು ಮಾಡ್ತೀವಿ, ಉಸಿರಾಟ ಎಲ್ಲ ಅಲ್ಲಿಂದಾನೇ." ನಾನು ಪೆದ್ದನಂತೆ, ಎಷ್ಟು ದಿನ ಇರುವುದಿಲ್ಲ ಎಂದು ಕೇಳಿದೆ. ರತ್ನ ನನ್ನ ಮೊಣಕೈ ಹಿಡಿದು, ಆ ಒಡೆದ ದನಿಯಲ್ಲಿಯೇ, "ಬನ್ನಿ, ಹೋಗೋಣ," ಎಂದಳು. ಆಟೋದಲ್ಲಿ ಇಬ್ಬರೂ ಮಾತಾಡಲಿಲ್ಲ. ಇನ್ನು ಕೆಲವೇ ವಾರ ಉಳಿದಿದ್ದ ದನಿಯನ್ನು ಅವಳು ಆ ದಾರಿಯಲ್ಲಿ ಯಾಕೆ ಸುಮ್ಮನೆ ಇಟ್ಟುಕೊಂಡಳೋ, ನಾನು ಯಾಕೆ ಕೇಳಲಿಲ್ಲವೋ, ನೆನೆದರೆ ಈಗಲೂ ಸಂಕಟವಾಗುತ್ತದೆ.

ಮನೆಗೆ ಬಂದವನೇ ನಾನು ಕಂಪ್ಯೂಟರಿನ ಮುಂದೆ ಕೂತೆ. ದುಃಖ ಬಂದಾಗ ಕೆಲವರು ದೇವಸ್ಥಾನಕ್ಕೆ ಹೋಗುತ್ತಾರೆ, ಕೆಲವರು ಬಾರಿಗೆ ಹೋಗುತ್ತಾರೆ, ನಾನು ಉಪಸಂಪುಟ ಸೃಷ್ಟಿಸಿದೆ. ಯಾವ ಹಿನ್ನಡೆಯೂ ಮುಟ್ಟಲಾಗದಂತೆ ವ್ಯವಸ್ಥೆಯ ಹೊರಗೆ, ನನ್ನ ಕಡತಗಳಿಂದಲೂ ಪ್ರತ್ಯೇಕವಾಗಿ, ಅವಳಿಗಾಗಿಯೇ ಒಂದು ಕೋಣೆ. ಅದಕ್ಕೆ ಕನ್ನಡದಲ್ಲಿಯೇ 'ಧ್ವನಿ' ಎಂದು ಹೆಸರಿಟ್ಟೆ. ಸಹಾಯಪುಟಗಳನ್ನು ಕನ್ನಡಕ್ಕೆ ತಂದವನು ತನ್ನ ಹೆಂಡತಿಯ ದನಿಯನ್ನು ಇಂಗ್ಲಿಷ್ ಹೆಸರಿನ ಕೋಣೆಯಲ್ಲಿ ಇಡಲಾದೀತೇ? ಆಮೇಲೆ ಧ್ವನಿಮುದ್ರಣದ ತಂತ್ರಾಂಶವೊಂದನ್ನು ಹಾಕಿಕೊಂಡು, ಕಡತಗಳನ್ನು ಎಲ್ಲಿಡಬೇಕೆಂದು ಅದು ಕೇಳಿದಲ್ಲಿ ಅದೇ ಕೋಣೆಯ ಹೆಸರನ್ನು ಟೈಪಿಸಿದೆ. 'ಅಪ್ಪಣೆಯಿಲ್ಲ' ಎಂಬ ತಕರಾರು ಪದೇಪದೇ ಬರುತ್ತಿದ್ದುದರಿಂದ, ಎಲ್ಲ ಕೋಣೆಗಳ ಕೀಲಿಯನ್ನೂ ಆ ತಂತ್ರಾಂಶಕ್ಕೆ ಒಪ್ಪಿಸಿ ಕೈ ತೊಳೆದುಕೊಂಡೆ.

ಮೈಕು ಮುಂದಿಟ್ಟರೆ ರತ್ನಳಿಗೆ ಮಾತೇ ಹೊರಡದು. "ಏನು ಹೇಳ್ಲಿ ರೀ? ನಾನೇನು ರೇಡಿಯೋದವಳಾ?" ಎಂದು ಎದ್ದು ಹೋಗುವಳು. ಪೇಪರು ಓದಿಸಿದೆ, ಊರ ಸುದ್ದಿಗೆ ಬರುತ್ತಲೇ ಓದುವುದು ಬಿಟ್ಟು ಟೀಕೆಗೆ ತೊಡಗುತ್ತಿದ್ದಳು. ವರ್ಣಮಾಲೆ ಹೇಳಿಸಿದೆ, ತರಗತಿಯಲ್ಲಿ ನಿಂತವಳ ಹಾಗೆ 'ಕ ಖ ಗ ಘ' ಎಂದು ಸುಮಾರು ದೂರ ಹೋಗಿ ಕೆಮ್ಮು ಬಂದು ನಿಲ್ಲಿಸಿದಳು. ಕೊನೆಗೆ ಉಪಾಯ ಹೂಡಿ ಮೈಕನ್ನು ಅಡುಗೆಮನೆಯ ಡಬ್ಬಗಳ ಹಿಂದೆ ಅಡಗಿಸಿಟ್ಟೆ. ಅಲ್ಲಿ ಸಿಕ್ಕಳು ನೋಡಿ ನನ್ನ ರತ್ನ: ಹಾಲು ಉಕ್ಕಿದ್ದಕ್ಕೆ ಬೈಗುಳ, ಕೆಳಗಿನ ಅತ್ತಿಗೆಯೊಡನೆ ಕಿಟಕಿಯಿಂದ ನಡೆಸಿದ ಸಂಭಾಷಣೆಯ ಈಚಿನ ಅರ್ಧ, ಕುಕ್ಕರಿನ ಸಿಳ್ಳೆಯ ನಡುವೆ ನನ್ನನ್ನು ಕರೆಯುವ ರೀಗಳು. ಕಡೆಕಡೆಗೆ ದನಿ ಸವೆದು ಬರೀ ಗೊರಗೊರ ಆಗಿತ್ತು. ಆದರೂ ನಾನು ಬಿಡಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಅವಳು ಹೇಳಿದ ಕೊನೆಯ ಮಾತು ಘನವಾದದ್ದೇನಲ್ಲ. ಸ್ಟ್ರೆಚರಿನ ಮೇಲೆ ಮಲಗಿದ್ದವಳು, "ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಅನ್ನಿ," ಎಂದಳು. ನಾನು ಆಗಲಿ ಎಂದೆ. ಅದನ್ನು ರೆಕಾರ್ಡು ಮಾಡಿಕೊಳ್ಳಲಿಲ್ಲ.

ಜೀವ ಉಳಿಯಿತು. ಅದನ್ನು ಮೊದಲು ಹೇಳಬೇಕು, ಆದರೆ ಎಲ್ಲರೂ ಅದನ್ನೇ ಹೇಳಿ ಹೇಳಿ ಆ ಮಾತಿಗೆ ರುಚಿಯೇ ಇಲ್ಲದಂತಾಯಿತು. ಮನೆಗೆ ಬಂದವಳ ಕತ್ತಿನ ಬುಡದಲ್ಲಿ ಒಂದು ರಂಧ್ರ, ಅದರ ಮುಂದೆ ತೆಳುವಾದ ಬಟ್ಟೆ. ಉಸಿರು ಅಲ್ಲಿಂದಲೇ ಹೋಗುತ್ತದೆ, ಅಲ್ಲಿಂದಲೇ ಬರುತ್ತದೆ. ಬಾಯಿಗೂ ಮೂಗಿಗೂ ಈಗ ಆ ಕೆಲಸವಿಲ್ಲ. ಮಲ್ಲಿಗೆಯ ವಾಸನೆ ತಿಳಿಯುವುದಿಲ್ಲವೆಂದು ಅವಳು ಹೂವಿನವಳನ್ನು ಬಿಟ್ಟಳು, ಅಥವಾ ಕೂಗಿ ಕರೆಯಲಾಗದ್ದಕ್ಕೆ ಬಿಟ್ಟಳು. ಸ್ನಾನವೆಂದರೆ ಹೆದರುತ್ತಿದ್ದಳು, ನೀರು ರಂಧ್ರದೊಳಗೆ ಹೋದರೆ ಗತಿಯೇನು? ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದಿದೆ, ಗಾಯ ಮಾಗಲಿ, ಕಲಿಸೋಣ ಎಂದಿದ್ದರು ಡಾಕ್ಟರು. ಅಲ್ಲಿಯತನಕ ಇರಲೆಂದು ನಾನು ಶಿವಾಜಿನಗರಕ್ಕೆ ಹೋಗಿ ಮಕ್ಕಳ ಮ್ಯಾಜಿಕ್ ಸ್ಲೇಟೊಂದನ್ನು ತಂದೆ. ಬರೆದು, ಹಾಳೆ ಎಳೆದರೆ ಅಕ್ಷರ ಮಾಯ. ಅವಳ ಈಗಿನ ಮಾತುಗಳಿಗೆ ಕ್ಷಣಚಿತ್ರವಿರಲಿಲ್ಲ. ಹತ್ತಿರ ಇಲ್ಲದಿದ್ದಾಗ ಕರೆಯಬೇಕಾದರೆ ಸ್ಟೀಲಿನ ಲೋಟಕ್ಕೆ ಚಮಚದಿಂದ ಬಡಿಯುವಳು.

ಮನೆ ತೀರಾ ಮೌನವಾಯಿತು. ಅವಳಿಗೆ ಮಾತಿಲ್ಲದಾಗ ನಾನಾದರೂ ಆಡಬಹುದಿತ್ತು. ಎದುರಿಗೆ ಕೂತವಳು ಉತ್ತರಕ್ಕಾಗಿ ಸ್ಲೇಟು ಹುಡುಕುವುದನ್ನು ನೋಡಲಾಗದೆ ನಾನೂ ಮಾತು ಕಡಿಮೆ ಮಾಡಿದೆ. ಗಂಟಲಿಗೆ ಆಪರೇಷನ್ನಾದದ್ದು ಯಾರಿಗೆ ಎಂದು ಅನುಮಾನ ಬರುವಷ್ಟು.

ಅಂಥ ಒಂದು ಮಧ್ಯಾಹ್ನ, ಅವಳು ಮಲಗಿದ್ದಾಗ, ಆ ದನಿಯನ್ನು ಕೇಳಬೇಕೆಂಬ ಆಸೆ ತಡೆಯಲಾಗಲಿಲ್ಲ. ಕಂಪ್ಯೂಟರು ಹಚ್ಚಿದರೆ ಶಬ್ದವೇ ಇಲ್ಲ. ಹಿಂದಿನ ದಿನ ಹೊಸ ಆವೃತ್ತಿ ಹಾಕಿಕೊಂಡಿದ್ದೆ. ಅದರಲ್ಲಿ ಎಲ್ಲೋ ಏನೋ ತಪ್ಪಿ ಯಂತ್ರ ಮೂಕವಾಗಿತ್ತು. ಇದೂ ಒಂದು ಬಾಕಿಯಿತ್ತೇ ಎಂದುಕೊಂಡೆ. ಜಾಗ ಸಾಲದೆಂದು ಕ್ಷಣಚಿತ್ರ ತೆಗೆಯುವ ಏರ್ಪಾಟನ್ನು ನಿಲ್ಲಿಸಿದ್ದೆನಾದ್ದರಿಂದ ಉಳಿದಿದ್ದುದು ಒಂದೇ ಒಂದು, ಅವಳ ಕಾಯಿಲೆಗೆ ಮುಂಚಿನದು. ಎಲ್ಲ ಸರಿಯಿದ್ದ ಕಾಲ. ಚಿಂತೆಯಿಲ್ಲ, ಎಷ್ಟು ಹಿಂದಕ್ಕೆ ಹೋದರೂ 'ಧ್ವನಿ' ಬೇರೆ ಕೋಣೆಯಲ್ಲಿ ಭದ್ರವಾಗಿದೆಯಲ್ಲ ಎಂಬ ಧೈರ್ಯದಲ್ಲಿ ಹಿನ್ನಡೆಯ ಆಜ್ಞೆ ಕೊಟ್ಟೆ. ಯಂತ್ರ ಆರಿ ಹತ್ತಿತು, ಎಚ್ಚರಗೊಂಡ ಗುರುತಿಗೆ ಟಿಣ್ ಎಂದಿತು. ಶಬ್ದ ಬಂದಿತ್ತು. 'ಧ್ವನಿ'ಯನ್ನು ತೆರೆದೆ. ಅಲ್ಲಿ ಏನೂ ಇರಲಿಲ್ಲ.

ನಂಬದೆ ಮತ್ತೆ ಮುಚ್ಚಿ ತೆರೆದೆ. ಖಾಲಿ. ಹುಡುಕುವ ಆಜ್ಞೆ ಕೊಟ್ಟೆ, ಬೇರೆ ಬೇರೆ ಕೋಣೆಗಳನ್ನು ಜಾಲಾಡಿದೆ. ಎಲ್ಲೂ ಇಲ್ಲ. ಡಾಕ್ಟರು ಒಮ್ಮೆ ತೆಗೆದದ್ದನ್ನು ನಾನು ಎರಡನೇ ಸಲ ತೆಗೆದೆನೆಂದುಕೊಂಡು ಬಾಯಿಗೆ ಟವೆಲು ಒತ್ತಿಕೊಂಡು ಅತ್ತುಬಿಟ್ಟೆ. ಮನೆಯಲ್ಲಿ ಮಾತಿಲ್ಲದಿದ್ದರೆ ಒಂದು ತೊಂದರೆ, ಸಣ್ಣ ಬಿಕ್ಕೂ ಪಕ್ಕದ ಕೋಣೆಗೆ ಕೇಳುತ್ತದೆ. ರತ್ನ ಎದ್ದು ಬಂದು ಹಿಂದೆ ನಿಂತಳು. ಏನಾಯಿತೆಂದು ಕಣ್ಣಲ್ಲೇ ಕೇಳಿದಳು. ಮುಚ್ಚಿಡುವ ಶಕ್ತಿ ನನಗಿರಲಿಲ್ಲ. "ನಿನ್ನ ದನಿ ಹೋಯ್ತು ರತ್ನಾ," ಎಂದೆ. ಅವಳು ಹುಬ್ಬೇರಿಸಿದಳು, ಅದು ಹೋಗಿ ಬಹಳ ದಿನವಾಯಿತಲ್ಲ ಎಂಬಂತೆ.

ಹಿನ್ನಡೆಯಾದಾಗ ಕೆಟ್ಟ ವ್ಯವಸ್ಥೆ ಅಳಿದುಹೋಗುವುದಿಲ್ಲ. ಅದನ್ನು ಯಂತ್ರ ಬೇರೆ ಹೆಸರಿನಲ್ಲಿ ಪಕ್ಕಕ್ಕೆ ಸರಿಸಿರುತ್ತದೆ. ಜಾಗ ಬೇಕಾದವರು ತಾವೇ ಅಳಿಸಿಕೊಳ್ಳಬೇಕು; ನನ್ನ ವಾರದ ಅನುವಾದ ಹೋದದ್ದು ಹಾಗೆ ಅವಸರದಲ್ಲಿ ಅಳಿಸಿಯೇ. ಈ ಸಲ ನಾನು ಇನ್ನೂ ಅಳಿಸಿರಲಿಲ್ಲ. ಹಾಗೆ ಪಕ್ಕಕ್ಕೆ ಸರಿದಿದ್ದುದನ್ನು ತೆರೆದು ಅದರೊಳಗಿನ ಕೋಣೆಗಳ ಹೆಸರುಗಳ ಮೇಲೆ ಕಣ್ಣಾಡಿಸಿದೆ. ಅಲ್ಲಿಯೂ 'ಧ್ವನಿ' ಇತ್ತು, ಹೊರಗಿನ ಆ ಕೋಣೆಗೆ ದಾರಿ ತೋರಿಸುವ ಬರೀ ಹೆಸರು; ತೆರೆದರೆ ಅಲ್ಲಿಯೂ ಖಾಲಿ. ಇನ್ನು ಮುಗಿಯಿತೆಂದು ಕೈಚೆಲ್ಲಿದಾಗ ರತ್ನ ನನ್ನ ಭುಜದ ಮೇಲಿಂದ ಬಗ್ಗಿ ಪರದೆಯ ಮೇಲೆ ಬೆರಳಿಟ್ಟು ಟಕಟಕ ಬಡಿದಳು. ಶಾಲೆಯಲ್ಲಿ ತಪ್ಪು ಬರೆದ ಮಗುವಿನ ಪುಸ್ತಕದ ಮೇಲೆ ಬಡಿಯುತ್ತಿದ್ದಳಲ್ಲ, ಅದೇ ಬಡಿತ. 'ಧ್ವನಿ'ಗಿಂತ ಸ್ವಲ್ಪ ಮೇಲೆ ಇನ್ನೊಂದು ಹೆಸರಿತ್ತು: 'ದ್ವನಿ'. ನಾನು ಅದನ್ನು ಆಗಲೇ ಎರಡು ಸಲ ಓದಿದ್ದೆ, ಎರಡು ಸಲವೂ ನನ್ನ ಕಣ್ಣು ಅದನ್ನು ತಾನೇ ತಿದ್ದಿಕೊಂಡು ಓದಿತ್ತು.

ಕನ್ನಡದ ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿದರೆ ಧ, ಒತ್ತದಿದ್ದರೆ ದ. ಆಸ್ಪತ್ರೆಯಿಂದ ಬಂದ ಆ ದಿನ ತಂತ್ರಾಂಶಕ್ಕೆ ಹೆಸರು ಟೈಪಿಸುವಾಗ ನನ್ನ ಕಿರುಬೆರಳು ಆ ಕೀಲಿಯನ್ನು ಮುಟ್ಟಿರಲಿಲ್ಲ. 'ದ್ವನಿ' ಎಂಬ ಕೋಣೆ ಇಲ್ಲದ್ದನ್ನು ಕಂಡು ಆ ವಿಧೇಯ ತಂತ್ರಾಂಶ, ಕೀಲಿಗಳು ಹೇಗೂ ಕೈಯಲ್ಲಿದ್ದವಲ್ಲ, ವ್ಯವಸ್ಥೆಯೊಳಗೇ ಒಂದು ಮಾಮೂಲಿ ಕೋಣೆ ಕಟ್ಟಿಕೊಂಡು ರತ್ನಳ ದನಿಯನ್ನೆಲ್ಲ ಅದರಲ್ಲಿ ತುಂಬಿತ್ತು. ನಾನು ಅಷ್ಟು ಜತನದಿಂದ ಕಟ್ಟಿದ ಉಪಸಂಪುಟದಲ್ಲಿ ಮೊದಲ ದಿನದಿಂದಲೂ ಏನೂ ಇರಲಿಲ್ಲ. ಊರಿನ ಬ್ಯಾನರುಗಳನ್ನೆಲ್ಲ ತಿದ್ದಿದ ಮಹಾಶಯ ತನ್ನ ಹೆಂಡತಿಯ ದನಿಯ ಕಾಗುಣಿತ ತಪ್ಪಿದ್ದ.

ನಾನು ಬೆಪ್ಪನಾಗಿ ಅವಳ ಮುಖ ನೋಡಿದೆ. ಅವಳಿಗೆ ನಗು ಬಂದಿತ್ತು. ಶಬ್ದವಿಲ್ಲದೆ ಭುಜ ಕುಲುಕಿತು. ಅಷ್ಟು ವರ್ಷದ ಅಭ್ಯಾಸ ನೋಡಿ, ನನ್ನ ಕೈ ಎಳೆದುಕೊಂಡು ಅಂಗೈಯನ್ನು ತನ್ನ ಬಾಯಿಯ ಎದುರಿಗೆ ಹಿಡಿದಳು. ತುಟಿ ತೆರೆದು, ನಾಲಗೆಯನ್ನು ಹಲ್ಲಿಗೆ ತಾಕಿಸಿ, 'ದ' ಎಂದಳು. ಮತ್ತೆ 'ಧ' ಎಂದಳು. ಎರಡಕ್ಕೂ ಅಂಗೈಗೆ ಏನೂ ತಾಕಲಿಲ್ಲ. ಕತ್ತಿನ ಬಟ್ಟೆ ಮಾತ್ರ ಸ್ವಲ್ಪ ಅಲುಗಿತು. ಅವಳಿಗೂ ಆಗಲೇ ಹೊಳೆಯಿತೆಂದು ಕಾಣುತ್ತದೆ. ನಗು ನಿಂತಿತು. ನನ್ನ ಕೈಯನ್ನು ಮೆಲ್ಲಗೆ ಬಿಟ್ಟು, ಅದನ್ನು ಎಲ್ಲಿಂದ ತೆಗೆದುಕೊಂಡಿದ್ದಳೋ ಅಲ್ಲಿಯೇ, ಮೇಜಿನ ಮೇಲೆ, ಇಟ್ಟಳು.

ಕಡತಗಳನ್ನೆಲ್ಲ 'ದ್ವನಿ'ಯಿಂದ 'ಧ್ವನಿ'ಗೆ ಸಾಗಿಸಿದೆ. ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ ಅಣ್ಣನ ಬೀರುವಿನಲ್ಲಿಟ್ಟೆ, ಏಕೆಂದರೆ ಸಂಪೇ ಒಡೆದರೆ ಉಪಸಂಪುಟಗಳು ಎಷ್ಟಿದ್ದೇನು. ಈಗ ಅವಳ ದನಿ ಎಲ್ಲಿಗೂ ಹೋಗುವುದಿಲ್ಲವೆಂಬ ನೆಮ್ಮದಿಯಾಯಿತು. ಬೆಳಿಗ್ಗೆ ಕಾಫಿಯಾದ ಮೇಲೆ ಹೆಡ್‌ಫೋನು ಹಾಕಿಕೊಂಡು ಕೂರುವುದು ರೂಢಿಯಾಯಿತು. ಅವಳಿಗೆ ಕೇಳಿಸಿ ನೋವಾಗಬಾರದೆಂದು ಹೆಡ್‌ಫೋನು, ಇದು ನನ್ನ ಸೂಕ್ಷ್ಮತೆ. ಮೊದಮೊದಲು ಸ್ವಲ್ಪ ಹೊತ್ತು. ಆಮೇಲೆ ಪೇಪರು ಓದುವುದು ಬಿಟ್ಟುಹೋಯಿತು, ಕಮ್ಮನಹಳ್ಳಿಯ ಗೆಳೆಯರು ಬಿಟ್ಟುಹೋದರು. ಹಾಲು ಉಕ್ಕಿಸಿಕೊಂಡ ರತ್ನ, ಅತ್ತಿಗೆಯ ಜೊತೆ ಹರಟುವ ರತ್ನ, ಎಲ್ಲರಿಗಿಂತ ಹೆಚ್ಚಾಗಿ ನನ್ನನ್ನು ಕರೆಯುವ ರತ್ನ: "ರೀ... ರೀ... ಕಿವಿ ಕೇಳ್ಸತ್ತಾ ಇಲ್ವಾ? ಬನ್ನಿ ಇಲ್ಲಿ, ಬೇಗ." ಅದು ಒಂದು ತುಣುಕು. ಅದನ್ನು ಮುಗಿದ ಕೂಡಲೇ ಮತ್ತೆ ಮೊದಲಾಗುವಂತೆ ಮಾಡಿಟ್ಟಿದ್ದೆ.

ಮೊನ್ನೆ ಬೆಳಿಗ್ಗೆ ಹಾಗೆಯೇ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದೆ. ಯಾರೋ ಭುಜ ಹಿಡಿದು ಅಲುಗಿಸಿದರು, ಹೆಡ್‌ಫೋನು ಕತ್ತಿಗೆ ಜಾರಿತು. ಎದುರಿಗೆ ಅಣ್ಣ, ಏದುಸಿರು ಬಿಡುತ್ತ, ಬನಿಯನ್ನಿನಲ್ಲಿಯೇ ಓಡಿಬಂದಿದ್ದ. ಮನೆಯ ತುಂಬ ಒಣಮೆಣಸಿನಕಾಯಿ ಕಮರಿದ ಘಾಟು. ಒಗ್ಗರಣೆಯ ಹೊಗೆ ನೇರ ಅವಳ ಕತ್ತಿನ ರಂಧ್ರಕ್ಕೆ ನುಗ್ಗಿ, ಕೆಮ್ಮು ಹತ್ತಿ, ಕಫ ಅಡ್ಡ ನಿಂತು ಉಸಿರು ಕಟ್ಟಿತ್ತು. ಅವಳು ಲೋಟ ಬಡಿದಿದ್ದಳು. ತಟ್ಟೆ ಬಡಿದಿದ್ದಳು. ಕೊನೆಗೆ ಪಾತ್ರೆಯ ಬುಟ್ಟಿಯನ್ನೇ ನೆಲಕ್ಕೆ ಎಳೆದು ಕೆಡವಿದ್ದಳು. ಅಣ್ಣ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ, ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಕನ್ನಡಿಯ ಮುಂದೆ ನಿಂತು ತಾನೇ ಆ ಕಫವನ್ನು ತೆಗೆದುಕೊಂಡು, ಗೋಡೆಗೆ ಒರಗಿದ್ದಳಂತೆ.

"ಕೆಳಗಿದ್ದೋನು ನನಗೆ ಕೇಳ್ತು ಕಣೋ," ಎಂದ ಅಣ್ಣ. "ಪಕ್ಕದಲ್ಲಿರೋ ನಿನಗೆ ಕೇಳ್ಲಿಲ್ವೇನೋ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ಬಾಗಿಲು ತೆರೆದೇ ಇಟ್ಟು, ಕೆಳಗಿಳಿದು ಹೋದ.

ರತ್ನ ಅಡುಗೆಮನೆಯಿಂದ ಬಂದಳು. ಕಣ್ಣು ಕೆಂಪಗಿತ್ತು, ಕತ್ತಿನ ಬಟ್ಟೆ ತೊಯ್ದಿತ್ತು. ನನ್ನ ಕತ್ತಿನಿಂದ ಹೆಡ್‌ಫೋನು ತೆಗೆದು ತನ್ನ ಕಿವಿಗಿಟ್ಟುಕೊಂಡು ನಿಂತೇ ಕೇಳಿದಳು. ಯಾರೋ ಗುರುತಿನ ಹೆಂಗಸಿನ ಮಾತನ್ನು ಕೇಳುವವಳ ಹಾಗೆ, ಸ್ವಲ್ಪ ತಲೆ ವಾಲಿಸಿ, ಒಂದು ಆವರ್ತ ಪೂರ್ತಿ ಕೇಳಿದಳು. ಕೇಳಿ, ಮೇಜಿನ ಮೇಲಿಟ್ಟಳು. ಸ್ಲೇಟು ತೆಗೆದುಕೊಂಡು, ಒಂದನೇ ತರಗತಿಯವರಿಗೂ ಅರ್ಥವಾಗುವ ಆ ದುಂಡು ಅಕ್ಷರಗಳಲ್ಲಿ ಬರೆದು ನನ್ನ ಕಡೆ ತಿರುಗಿಸಿದಳು.

'ಅವಳನ್ನ ಕೇಳ್ತಾ ಕೂತ್ರೆ ನನ್ನ ಕೇಳ್ಸಿಕೊಳ್ಳೋರು ಯಾರು?'

ಮೇಜಿನ ಮೇಲೆ ಹೆಡ್‌ಫೋನಿನೊಳಗೆ ಸಣ್ಣಗೆ ಇನ್ನೂ ನನ್ನನ್ನು ಕರೆಯುತ್ತಲೇ ಇತ್ತು. ಅದನ್ನು ನಿಲ್ಲಿಸಿ ಎದ್ದು, ಅವಳ ಹಿಂದೆ ಅಡುಗೆಮನೆಗೆ ಹೋದೆ.